ಸಿಡಿಲು ಬಡಿದ ಮೇಲೆ ಬಂದ ಎಚ್ಚರಿಕೆ

ಉಚ್ಚಂಗೆಪ್ಪನನ್ನು ಬೇವಿನ ಮರದ ಬುಡದಿಂದ ಎತ್ತಿ ಬಯಲಿಗೆ ತಂದು ಮಲಗಿಸಿದ್ದರು. ಉಸಿರಿರಲಿಲ್ಲ. ಹೆಂಡತಿ ಭೀಮಕ್ಕ ಅವನ ಎದೆ ತಿಕ್ಕುತ್ತಾ, ಕೆನ್ನೆ ತಟ್ಟುತ್ತಾ, ಎದ್ದೇಳ್ರಿ ಎದ್ದೇಳ್ರಿ ಅಂತ ಒದರುತ್ತಿದ್ದಳು. ಮಳೆ ಮುಖಕ್ಕೆ ಹೊಡೆಯುತ್ತಿತ್ತು. ಆಡುಗಳು ದಿಕ್ಕಾಪಾಲಾಗಿ ಓಡಿದ್ದವು. ಆಗ ಪಕ್ಕದಲ್ಲಿ ಬಿದ್ದಿದ್ದ ಬುತ್ತಿ ಚೀಲದೊಳಗೆ ಗಂಟೆ ಬಾರಿಸಿತು. ಅದರ ಬೆನ್ನಿಗೇ ಒಂದು ಹೆಣ್ಣು ದನಿ, ಪೇಟೆಯ ಮೆದು ದನಿ: "ಎಚ್ಚರಿಕೆ. ನಿಮ್ಮ ಸುತ್ತಮುತ್ತ ಸಿಡಿಲು ಬೀಳುವ ಸಂಭವವಿದೆ. ದಯವಿಟ್ಟು ಮರದ ಕೆಳಗೆ ನಿಲ್ಲಬೇಡಿ."

ಅದು ಒಮ್ಮೆ ಹೇಳಿ ಸುಮ್ಮನಾಗುವಂಥದ್ದಲ್ಲ. ಮತ್ತೆ ಗಂಟೆ, ಮತ್ತೆ ಅದೇ ಮಾತು. ಭೀಮಕ್ಕನಿಗೆ ಆ ಸದ್ದು ತಡೆಯಲಾಗಲಿಲ್ಲ. ಚೀಲಕ್ಕೆ ಕೈ ಹಾಕಿ ಗಂಡನ ಫೋನು ಎಳೆದು, ಅದರ ಮೇಲೆ ಕಂಡ ಹಸಿರು ಗುಂಡಿಯನ್ನು ಒದ್ದೆ ಹೆಬ್ಬೆರಳಿಂದ ಒತ್ತಿದಳು. ದನಿ ನಿಂತಿತು. ಅವಳು ಫೋನನ್ನು ಕೆಸರಿಗೆ ಬಿಸಾಕಿ ಮತ್ತೆ ಗಂಡನ ಎದೆ ತಿಕ್ಕತೊಡಗಿದಳು.

ಇದು ನಡೆದದ್ದು ಮೇ ತಿಂಗಳಲ್ಲಿ, ಜಗಳೂರು ತಾಲ್ಲೂಕಿನ ಬಿಳಿಚೋಡಿನ ಹೊರಗಿನ ಗೋಮಾಳದಲ್ಲಿ.

ದುರ್ಗಾಂಬಿಕಾ ಉಚ್ಚಂಗೆಪ್ಪನ ಅಣ್ಣನ ಮಗಳು. ಹೊನ್ನಾಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಈ ಚಿಕ್ಕಪ್ಪನೇ ಅವಳನ್ನು ಓದಿಸಿದವನು. ಸುದ್ದಿ ಮುಟ್ಟಿ ಅವಳು ಬಿಳಿಚೋಡಿಗೆ ಬಂದಾಗ ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಭೀಮಕ್ಕ ಗೋಡೆಗೆ ಒರಗಿ ಕೂತಿದ್ದಳು. ಇವಳನ್ನು ಕಂಡದ್ದೇ ಅತ್ತಳು, ಅತ್ತು ಮುಗಿಸಿ ಕೇಳಿದಳು:

"ದುರ್ಗೀ, ಆ ಗಂಟೆ ಯಾಕೆ ಆಮೇಲೆ ಹೊಡೀತು? ನಿಮ್ಮ ಚಿಕ್ಕಪ್ಪ ಮೋಡ ಕಂಡ ಕೂಡ್ಲೇ ಫೋನ್ ತೆಗೆದು ನೋಡಿದ್ರು. ಏನೂ ಇಲ್ಲ, ಹಸಿರು ಐತೆ, ಇನ್ನೊಂದು ತಾಸು ಭಯ ಇಲ್ಲ ಅಂದ್ರು. ಮಳೆ ಬಂತಲ್ಲ ಅಂತ ಮರದ ಕಡೆ ಹೋದ್ರು. ಮೊದಲೆಲ್ಲ ಮೋಡ ನೋಡಿ ಅವರೇ ಆಡು ಹೊಡಕೊಂಡು ಬಂದುಬಿಡೋರು."

ಆ ಪ್ರಶ್ನೆ ದುರ್ಗಾಂಬಿಕಾಗೆ ಚುಚ್ಚಿಕೊಂಡಿತು. ಯಾಕೆಂದರೆ ಆ ಗಂಟೆಯ ಸಂಗತಿ ಅವಳಿಗೆ ಬೇರೆಯವರಿಗಿಂತ ಹೆಚ್ಚು ಗೊತ್ತಿತ್ತು.

ಅದಕ್ಕೆ 'ಮುಗಿಲಗಂಟೆ' ಅಂತ ಹೆಸರು. ಬೆಂಗಳೂರಿನ ಒಂದು ಕಂಪನಿ ಸರ್ಕಾರದ ವಿಪತ್ತು ನೋಡಿಕೊಳ್ಳುವ ಇಲಾಖೆಯ ಗುತ್ತಿಗೆ ಹಿಡಿದು ರಾಜ್ಯದ ಉದ್ದಗಲಕ್ಕೂ ಕಟ್ಟಡಗಳ ತಾರಸಿ ಮೇಲೆ ಮಿಂಚು ಹಿಡಿಯುವ ಪೆಟ್ಟಿಗೆಗಳನ್ನು ಕೂರಿಸಿತ್ತು. ಎಲ್ಲೋ ಮಿಂಚು ಹೊಡೆದರೆ ಅದರ ಅಲೆ ಒಂದೊಂದು ಪೆಟ್ಟಿಗೆಗೆ ಒಂದೊಂದು ಕ್ಷಣದಲ್ಲಿ ತಾಗುತ್ತದೆ. ಆ ಕ್ಷಣಗಳ ವ್ಯತ್ಯಾಸ ಲೆಕ್ಕ ಹಾಕಿದರೆ ಮಿಂಚು ಎಲ್ಲಿ ಬಿತ್ತು, ಮೋಡ ಯಾವ ಕಡೆ ಹೊರಟಿದೆ ಅನ್ನುವುದು ತಿಳಿಯುತ್ತದೆ. ಆ ದಾರಿಯಲ್ಲಿರುವವರ ಫೋನಿಗೆ ಗಂಟೆ ಹೋಗಬೇಕು; ಭಯವಿಲ್ಲದಾಗ ಪರದೆ ಹಸಿರಾಗಿರುತ್ತದೆ. ಈ ಭಾಗದಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಹೀಗೆ ನಾಲ್ಕು ಊರಲ್ಲಿ ಪೆಟ್ಟಿಗೆಗಳಿದ್ದವು. ಹೊನ್ನಾಳಿಯದು ದುರ್ಗಾಂಬಿಕಾಳ ಕಾಲೇಜಿನ ಮೇಲೇ ಇತ್ತು. ಅದರ ಮೇಲ್ವಿಚಾರಣೆ ಅವಳದೇ.

ಮಣ್ಣು ಮಾಡಿ ಬಂದ ಮೇಲೆ ಅವಳು ಹೊನ್ನಾಳಿಗೆ ಹೋಗಿ ತಾರಸಿ ಹತ್ತಿದಳು. ಲ್ಯಾಪ್‌ಟಾಪ್ ಜೋಡಿಸಿ ಪೆಟ್ಟಿಗೆಯೊಳಗಿನ ದಾಖಲೆ ತೆರೆದಳು. ಅಂದಿನ ಮೊದಲ ಮಿಂಚುಗಳು ಬಿದ್ದ ಕ್ಷಣವೇ ಪೆಟ್ಟಿಗೆ ಅವುಗಳನ್ನು ಗುರುತಿಸಿತ್ತು, ಗುರುತಿಸಿದ್ದನ್ನು ಬೆಂಗಳೂರಿಗೆ ಕಳಿಸಿಯೂ ಇತ್ತು. 'ಲೆಕ್ಕ ಮುಗಿಯಿತು' ಎಂಬ ಮರುತ್ತರ ಮಾತ್ರ ಅರ್ಧ ಗಂಟೆಯ ಮೇಲೆ ಬಂದಿತ್ತು. ಜಗಳೂರಿನ ಪೆಟ್ಟಿಗೆ ನೋಡಿಕೊಳ್ಳುವ ಓಬಳಪ್ಪ ಎಂಬ ಭೌತಶಾಸ್ತ್ರದ ಮೇಷ್ಟ್ರಿಗೆ ಫೋನು ಮಾಡಿದಳು. ಅವರಲ್ಲೂ ಅದೇ ಕಥೆ.

ಆ ಸಂಜೆ ರಾಜ್ಯದ ಅರ್ಧಭಾಗದಲ್ಲಿ ಗುಡುಗು ಎದ್ದಿತ್ತು. ಎಲ್ಲ ಪೆಟ್ಟಿಗೆಗಳೂ ತಾವು ಕಂಡ ಮಿಂಚನ್ನೆಲ್ಲ ಬೆಂಗಳೂರಿನ ಒಂದೇ ಕಂಪ್ಯೂಟರಿನ ತಲೆಗೆ ಸುರಿದಿದ್ದವು. ಅದು ಒಂದೊಂದೇ ಎತ್ತಿ ಲೆಕ್ಕ ಹಾಕುತ್ತಾ ಕೂತಿತ್ತು. ಬಿಳಿಚೋಡಿನ ಮಿಂಚು ಸಾಲಿನ ಹಿಂದೆ ಎಲ್ಲೋ ನಿಂತಿತ್ತು. ಆಕಾಶ ತಿಳಿಯಾಗಿರುವ ದಿನ ಚುರುಕಾಗಿ, ಗುಡುಗುವ ದಿನ ಮಂಕಾಗುವ ಸಿಡಿಲಿನ ಎಚ್ಚರಿಕೆ! ಅವಳಿಗೆ ತಾರಸಿಯ ಮೇಲೆ ನಿಂತಲ್ಲೇ ಮೈಯೆಲ್ಲ ಉರಿಯಿತು.

ಚನ್ನಗಿರಿಯಲ್ಲಿ ಪೆಟ್ಟಿಗೆ ನೋಡಿಕೊಳ್ಳುವವರ ಸಭೆ ಕರೆದಿದ್ದರು. ಕಂಪನಿಯ ಪರವಾಗಿ ಬಂದವನು ರುದ್ರಮುನಿ, ಜಿಲ್ಲೆಯ ಉಸ್ತುವಾರಿ. ಇಸ್ತ್ರಿ ಮಾಡಿದ ಅಂಗಿ, ನಗುಮುಖ, ಯಾರಿಗೂ ಗಟ್ಟಿಯಾಗಿ ಮಾತಾಡದವನು. ಗೋಡೆ ಮೇಲೆ ಚಿತ್ರ ತೋರಿಸಿ, ಮೇ ತಿಂಗಳಲ್ಲಿ ಕಳಿಸಿದ ಎಚ್ಚರಿಕೆಗಳೆಲ್ಲವೂ ಫೋನಿಗೆ ತಲುಪಿವೆ ಅಂದ. ಯಾರೋ ಚಪ್ಪಾಳೆ ತಟ್ಟಿದರು.

ದುರ್ಗಾಂಬಿಕಾ ಎದ್ದು ನಿಂತಳು. "ಸರ್, ಬಿಳಿಚೋಡಿನ ಉಚ್ಚಂಗೆಪ್ಪ ಅನ್ನೋರು ಸಿಡಿಲು ಬಡಿದು ಸತ್ತರು. ಅವರಿಗೂ ತಲುಪಿದೆಯಾ?"

ರುದ್ರಮುನಿ ತನ್ನ ಕಂಪ್ಯೂಟರಿನಲ್ಲಿ ಹುಡುಕಿದ. "ತಲುಪಿದೆ ಮೇಡಂ. ಬರೀ ತಲುಪಿದ್ದಲ್ಲ, ಅವರು ಓದಿದ್ದಾರೆ. ನೋಡಿ, 'ಓದಿದೆ' ಅನ್ನೋ ಗುಂಡಿ ಒತ್ತಿದ್ದಾರೆ. ಮರದ ಕೆಳಗೆ ನಿಲ್ಲಬೇಡಿ ಅಂತ ಸ್ಪಷ್ಟವಾಗಿ ಹೇಳಿದ್ದೀವಿ. ಓದಿದ ಮೇಲೂ ಹೋಗಿ ನಿಂತರೆ ನಾವೇನು ಮಾಡೋದು ಹೇಳಿ? ಹಳ್ಳಿ ಜನಕ್ಕೆ ಇನ್ನೂ ತಿಳಿವಳಿಕೆ ಕೊಡಬೇಕು."

ಚಿಕ್ಕಪ್ಪ ಸತ್ತದ್ದು ಸಾಲದು, ಸತ್ತದ್ದು ಅವನ ತಪ್ಪೇ ಅಂತ ಬರೆದಿಟ್ಟಿದ್ದಾರೆ. ಇವರ ಯಶಸ್ಸಿನ ಲೆಕ್ಕದಲ್ಲಿ ಅವನೂ ಒಬ್ಬ.

"ರೀ, ಆ ಗುಂಡಿ ಒತ್ತಿದ್ದು ಅವರಲ್ಲ. ಅವರ ಹೆಂಡತಿ. ಹೆಣದ ಪಕ್ಕದಲ್ಲಿ ನಿಮ್ಮ ಗಂಟೆ ನಿಲ್ತಾನೇ ಇರಲಿಲ್ಲ, ಅದಕ್ಕೆ ಒತ್ತಿದರು. ಅವರು ಜೀವಂತ ಇದ್ದಾಗ ನಿಮ್ಮ ಫೋನು ಭಯ ಇಲ್ಲ ಅಂತ ಹಸಿರು ತೋರಿಸ್ತಿತ್ತು."

"ಮೇಡಂ, ನಿಮ್ಮ ದುಃಖ ಅರ್ಥ ಆಗುತ್ತೆ. ಮನೆಯವರು ಆ ಹೊತ್ತಲ್ಲಿ ಏನೇನೋ ಹೇಳ್ತಾರೆ. ನಮಗೆ ದಾಖಲೆ ಮುಖ್ಯ."

"ದಾಖಲೆ ನಮ್ಮ ತಾರಸಿ ಮೇಲೂ ಐತೆ!" ಸಿಟ್ಟು ಬಂದರೆ ಅವಳ ಬಾಯಲ್ಲಿ ಕಾಲೇಜಿನ ಕನ್ನಡ ಉಳಿಯುತ್ತಿರಲಿಲ್ಲ. "ಪೆಟ್ಟಿಗೆ ಕೂಡ್ಲೇ ಕಂಡೈತೆ, ಕೂಡ್ಲೇ ಕಳಿಸೈತೆ. ನಿಮ್ಮ ಬೆಂಗಳೂರಿನ ಕಂಪ್ಯೂಟರು ಅದನ್ನ ಮುಟ್ಟಿ ನೋಡಾಕೆ ಅರ್ಧ ತಾಸು ತಗಂಡೈತೆ. ಇಲ್ಲಿನ ಮಿಂಚಿನ ಲೆಕ್ಕಾನ ಇಲ್ಲಿನ ಪೆಟ್ಟಿಗೆಗಳೇ ಮಾಡಿದ್ರೆ ಆಗಲ್ವಾ? ಅವುಗಳಲ್ಲೂ ಕಂಪ್ಯೂಟರ್ ಐತೆ. ಸುಮ್ಮನೆ ಕೂತಾವೆ."

ರುದ್ರಮುನಿ ನಗುಮುಖದಲ್ಲೇ, ಮುಂದಿನ ವರ್ಷ ಬೆಂಗಳೂರಿಗೆ ಇನ್ನೂ ದೊಡ್ಡ ಕಂಪ್ಯೂಟರು ಬರುತ್ತದೆ ಅಂದ. "ಅಲ್ಲೀತನಕ ಪೆಟ್ಟಿಗೆಯೊಳಗೆ ಯಾರೂ ಕೈ ಹಾಕಬೇಡಿ. ಪೆಟ್ಟಿಗೆ ಕಂಪನಿಯದು. ನೀವು ಕರೆಂಟು, ತಾರಸಿ ಕೊಟ್ಟರೆ ಸಾಕು."

ಮುಂದಿನ ವರ್ಷ! ಮುಂಗಾರು ಇನ್ನೂ ಶುರುವೇ ಆಗಿರಲಿಲ್ಲ.

ಹೊರಗೆ ಬಂದಾಗ ನ್ಯಾಮತಿಯ ನಿಂಗರಾಜ್ ಅವಳ ಹಿಂದೆಯೇ ಬಂದ. ಅಲ್ಲಿಯ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವನು, ಮಾತು ಕಡಿಮೆ. "ಮೇಡಂ, ಪೆಟ್ಟಿಗೆ ಕೈಯಲ್ಲಿ ಲೆಕ್ಕ ಮಾಡಿಸಾಕೆ ನಿಜವಾಗ್ಲೂ ಆಗ್ತದಾ?" ಅಂತ ಕೇಳಿದ. ಅವನ ಜೊತೆ ಚನ್ನಗಿರಿಯ ಪೆಟ್ಟಿಗೆ ನೋಡಿಕೊಳ್ಳುವ ಚೈತ್ರಶ್ರೀಯೂ ನಿಂತಿದ್ದಳು. ಓಬಳಪ್ಪ ಮೇಷ್ಟ್ರು ಬಸ್‌ಸ್ಟ್ಯಾಂಡ್ ಕಡೆ ಹೊರಟವರು ತಿರುಗಿ ಬಂದರು. ಹೋಟೆಲ್ಲೊಂದರಲ್ಲಿ ನಾಲ್ವರೂ ಕೂತರು.

"ನಮ್ಮೂರ ಕಡೆ ಈರುಳ್ಳಿ ಕೀಳಾಕೆ ಮುಯ್ಯಾಳು ಹೋಗಲ್ವಾ, ಹಂಗೇ," ಅಂದಳು ದುರ್ಗಾಂಬಿಕಾ. "ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಜಗಳೂರಿನ ಮೇಲೆ ಗುಡುಗಿದರೆ ಅಲ್ಲಿನ ಪೆಟ್ಟಿಗೆಗೆ ಮಿಂಚು ಹಿಡಿಯೋದೇ ಕೈತುಂಬಾ ಕೆಲಸ. ಆಗ ನ್ಯಾಮತಿ ಮೇಲೆ ಬಿಸಿಲಿದ್ರೆ ಆ ಪೆಟ್ಟಿಗೆ ಖಾಲಿ ಕೂತಿರ್ತದೆ. ಅದು ಜಗಳೂರಿನ ಲೆಕ್ಕ ಮಾಡಲಿ. ನಾಲ್ಕೂ ತಾವು ಕಂಡಿದ್ದನ್ನ ಒಂದಕ್ಕೊಂದು ಹೇಳಿಕೊಂಡು, ಕೆಲಸ ಹಂಚಿಕೊಂಡರೆ ಬೆಂಗಳೂರಿನ ಸಾಲಲ್ಲಿ ನಿಲ್ಲೋ ಕರ್ಮ ಇಲ್ಲ. ಒಂದರ ಕರೆಂಟು ಹೋದ್ರೂ ಉಳಿದವು ನಡೆಸ್ತಾವೆ."

ಚೈತ್ರಶ್ರೀ ಕಾಫಿ ಲೋಟ ತಿರುಗಿಸುತ್ತಾ ಕೂತಳು. "ನಂದು ಗುತ್ತಿಗೆ ಕೆಲಸ ಅಕ್ಕಾ. ಇದೆಲ್ಲಾ ಗೊತ್ತಾದ್ರೆ ಅವರು ಪ್ರಿನ್ಸಿಪಾಲರಿಗೆ ಒಂದು ಮಾತು ಹೇಳಿದ್ರೆ ಮುಗೀತು."

"ನಿನ್ನ ಹೆಸರು ಎಲ್ಲೂ ಬರದಂಗೆ ನೋಡಿಕೊಳ್ತೀನಿ. ಕೇಳಿದ್ರೆ ನಾನೇ ಮಾಡಿದ್ದು ಅಂತೀನಿ."

ಪೆಟ್ಟಿಗೆಯೊಳಗೆ ಕೈ ಹಾಕಬಾರದು ಅಂದಿದ್ದರಲ್ಲ, ಹಾಕಲಿಲ್ಲ. ಪ್ರತಿ ಪೆಟ್ಟಿಗೆಯ ಪಕ್ಕ ಕಾಲೇಜಿನ ಮೂಲೆಗೆ ಬಿದ್ದ ಹಳೇ ಕಂಪ್ಯೂಟರೊಂದನ್ನು ಇಟ್ಟು, ಪೆಟ್ಟಿಗೆ ಬೆಂಗಳೂರಿಗೆ ಹೇಳುವುದನ್ನು ಅದೂ ಕೇಳಿಸಿಕೊಳ್ಳುವಂತೆ ತಂತಿ ಎಳೆದರು; ಲೆಕ್ಕ ಮಾಡುವ ಕೆಲಸ ಅದಕ್ಕೆ. ರಜೆಯಿತ್ತು. ದುರ್ಗಾಂಬಿಕಾ ಹೊನ್ನಾಳಿಯಲ್ಲಿ ಕೂತು ಪ್ರೋಗ್ರಾಂ ಬರೆದಳು. ಬರೆಯುವಾಗೆಲ್ಲ 'ಓದಿದ್ದಾರೆ' ಅನ್ನುವ ರುದ್ರಮುನಿಯ ಮಾತು ಕಿವಿಗೆ ಬೀಳುತ್ತಿತ್ತು; ಕೀಲಿಮಣೆ ಮೇಲೆ ಬೆರಳು ಕುಟ್ಟುವ ರಭಸಕ್ಕೆ ಪಕ್ಕದ ಕೋಣೆಯ ಗುಮಾಸ್ತರು ಬಂದು ಇಣುಕಿ ಹೋಗುತ್ತಿದ್ದರು.

ಎಚ್ಚರಿಕೆಗೆ ದನಿಯೊಂದು ಬೇಕಾಯಿತು. ಅವಳು ಬಿಳಿಚೋಡಿಗೆ ಹೋಗಿ ಭೀಮಕ್ಕನ ಮುಂದೆ ಫೋನು ಹಿಡಿದಳು. "ಚಿಕ್ಕವ್ವ, ಸಿಡಿಲು ಬರ್ತೈತೆ ಅಂತ ಗೊತ್ತಾದ್ರೆ ಅವತ್ತು ನೀನು ಚಿಕ್ಕಪ್ಪನಿಗೂ ಉಳಿದೋರಿಗೂ ಹೆಂಗೆ ಕೂಗ್ತಿದ್ದೆ, ಹಂಗೇ ಕೂಗು."

ಭೀಮಕ್ಕ ಎದ್ದು ಅಂಗಳಕ್ಕೆ ಹೋಗಿ, ಗೋಮಾಳದ ಕಡೆ ಮುಖ ಮಾಡಿ ಕೂಗಿದಳು: "ಲೇ, ಸಿಡಿಲು ಬರ್ತೈತೆ! ಮರದ ತಾವ ಹೋಗಬ್ಯಾಡ್ರೋ! ಆಡು ಬಿಟ್ಟು ಮನೆಗೆ ಓಡಿ ಬರ್ರೋ!" ಕೂಗಿ ಮುಗಿಸಿ ಹೊಸ್ತಿಲಲ್ಲೇ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಎರಡನೇ ಸಲ ಹೇಳಿಸಲು ದುರ್ಗಾಂಬಿಕಾಗೆ ಮನಸ್ಸು ಬರಲಿಲ್ಲ. ಹಿಂದೆ ಒಂದು ನಾಯಿ ಬೊಗಳಿದ್ದೂ ಸೇರಿ ಅದನ್ನೇ ಇಟ್ಟುಕೊಂಡಳು.

ಬಿಳಿಚೋಡು, ಸೊಕ್ಕೆ ಕಡೆಯ ಆಡು ಕುರಿ ಕಾಯುವವರು, ಸೂಳೆಕೆರೆಯಲ್ಲಿ ಮೀನು ಹಿಡಿಯುವವರು, ನ್ಯಾಮತಿಯ ಕೆಲವು ಗದ್ದೆಯವರು ತಮ್ಮ ನಂಬರು ಕೊಟ್ಟರು. ಮೋಡ ಆ ಕಡೆ ಹೊರಟರೆ ಅವರ ಫೋನಿಗೆ ಕರೆ ಹೋಗುವುದು, ಎತ್ತಿದರೆ ಭೀಮಕ್ಕನ ಕೂಗು.

ಮೊದಲ ಕರೆಯೇ ಎಡವಟ್ಟಾಯಿತು. ಸುಡುಬಿಸಿಲಿನ ಮಧ್ಯಾಹ್ನ, ಮೋಡದ ಚೂರೂ ಇಲ್ಲದ ಹೊತ್ತಲ್ಲಿ, ನ್ಯಾಮತಿಯವರ ಫೋನುಗಳೆಲ್ಲ ಹೊಡೆದುಕೊಂಡವು. ಜನ ಗದ್ದೆ ಬಿಟ್ಟು ಓಡಿದರು. ಆಮೇಲೆ ಆಕಾಶ ನೋಡಿ ನಿಂಗರಾಜನ ಕಾಲೇಜಿಗೇ ಬಂದು ಉಗಿದರು. ನೋಡಿದರೆ ಕಾಲೇಜಿನ ಹಿಂಭಾಗದಲ್ಲಿ ವೆಲ್ಡಿಂಗ್ ಅಂಗಡಿಯವನು ಹೊಸ ಗೇಟು ಬೆಸೆಯುತ್ತಿದ್ದ. ಆ ಕಿಡಿಯನ್ನೇ ಪೆಟ್ಟಿಗೆ ಮಿಂಚು ಅಂದುಕೊಂಡಿತ್ತು, ಪೆಟ್ಟಿಗೆ ಹೇಳಿದ್ದನ್ನು ದುರ್ಗಾಂಬಿಕಾಳ ಪ್ರೋಗ್ರಾಂ ಹಿಂದುಮುಂದು ನೋಡದೆ ನಂಬಿತ್ತು.

"ನಿನ್ನ ಸಿಟ್ಟೇ ನಿನ್ನ ಕೈಲಿ ಅವಸರ ಮಾಡಿಸ್ತು," ಅಂದರು ಓಬಳಪ್ಪ ಮೇಷ್ಟ್ರು ಫೋನಿನಲ್ಲಿ. "ಮಿಂಚಾದ್ರೆ ನಾಲ್ಕೂ ಊರಿಗೆ ಕಾಣಬೇಕು. ಒಬ್ಬನ ಮಾತು ಕೇಳಿ ಊರೆಲ್ಲಾ ಓಡಿಸಬಾರದಮ್ಮ."

ಅವಳಿಗೆ ನಾಚಿಕೆಯಾಯಿತು. ಕನಿಷ್ಠ ಮೂರು ಊರಿನ ಪೆಟ್ಟಿಗೆಗಳು ಕಂಡೆವು ಅಂದರೆ ಮಾತ್ರ ಮಿಂಚು ಅಂತ ಒಪ್ಪುವ ಹಾಗೆ ತಿದ್ದಿದಳು. ನಿಂಗರಾಜ್ ವೆಲ್ಡಿಂಗ್ ಅಂಗಡಿಯ ಮುಂದೆ ಅರ್ಧ ದಿನ ನಿಂತು, ಕಿಡಿ ಹಾರಿಸಿ ಹಾರಿಸಿ ಪರೀಕ್ಷೆ ಮಾಡಿದ. ಮತ್ತೆ ಸುಳ್ಳು ಗಂಟೆ ಹೊಡೆಯಲಿಲ್ಲ.

ಜೂನ್ ಹೊಸ್ತಿಲಲ್ಲಿ ಒಂದು ಸಂಜೆ ಸೂಳೆಕೆರೆಯ ಆಚೆಯ ಗುಡ್ಡಗಳ ಮೇಲೆ ಮೋಡ ಕಪ್ಪಿಟ್ಟಿತು. ಆ ಹೊತ್ತು ರಾಜ್ಯದ ಬೇರೆ ಕಡೆಯೂ ಗುಡುಗು ಜೋರಾಗಿತ್ತು. ಚೈತ್ರಶ್ರೀ ಚನ್ನಗಿರಿಯಿಂದ ಕರೆ ಮಾಡಿದಳು: "ಅಕ್ಕಾ, ಕೆರೆ ಮೇಲಿದ್ದ ತೆಪ್ಪ ಎಲ್ಲಾ ದಡಕ್ಕೆ ಬಂದವಂತೆ. ಸಿಡಿಲು ಆಮೇಲೆ ನೀರಿಗೆ ಬಿತ್ತಂತೆ!" ಖುಷಿಗೆ ಅವಳ ದನಿ ಏರಿತ್ತು. ಮೋಡ ಈಶಾನ್ಯಕ್ಕೆ, ಜಗಳೂರಿನ ಕಡೆ ಹೊರಟಿತು. ದುರ್ಗಾಂಬಿಕಾ ಹೊನ್ನಾಳಿಯಲ್ಲಿ ಪರದೆ ಮುಂದೆ ಕೂತಿದ್ದಳು. ಜಗಳೂರಿನ ಪೆಟ್ಟಿಗೆಗೆ ಮಿಂಚು ಒಂದರ ಮೇಲೊಂದು ಬಡಿಯತೊಡಗಿತು. ಅದರ ಲೆಕ್ಕ ಸದ್ದಿಲ್ಲದೆ ನ್ಯಾಮತಿಗೂ ಹೊನ್ನಾಳಿಗೂ ಹಂಚಿಹೋಗುತ್ತಿತ್ತು. ಅಷ್ಟರಲ್ಲಿ ಜಗಳೂರಲ್ಲಿ ಕರೆಂಟು ಹೋಗಿ ಅಲ್ಲಿನ ಪೆಟ್ಟಿಗೆ ಕಣ್ಣು ಮುಚ್ಚಿತು. ಅವಳು ಎದ್ದೇ ನಿಂತಳು. ಉಳಿದ ಮೂರೂ ಒಂದು ಗಳಿಗೆ ತಡವರಿಸಿ, ಮೂರರಲ್ಲೇ ಲೆಕ್ಕ ಮುಂದುವರಿಸಿದವು. ಬಿಳಿಚೋಡಿಗೆ ಕರೆ ಹೋಯಿತು.

ಅವಳು ಭೀಮಕ್ಕನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತಲಿಲ್ಲ. ಮೂರನೇ ಸಲ ಹಚ್ಚಿದಳು.

ಕೊನೆಗೆ ಭೀಮಕ್ಕನೇ ಮಾಡಿದಳು. ಆಡು ಹೊಡೆದುಕೊಂಡು ಶಾಲೆಯ ಕಟ್ಟಡದೊಳಗೆ ಸೇರಿಕೊಂಡಿದ್ದಳು, ಜೊತೆಗೆ ಉಳಿದ ಕುರಿ ಕಾಯುವವರೂ. "ನನ್ನ ಕೂಗು ನನಗೇ ಬಂತಲ್ಲೇ! ಯಾರೋ ಬೈದಂಗಾತು, ಎದ್ದು ಓಡಿ ಬಂದೆ. ಈಗ ಸಿಡಿಲು ಹೊಡೀತಾ ಐತೆ ನೋಡು, ಕೇಳಸ್ತದಾ?" ಫೋನಿನಲ್ಲಿ ಗುಡುಗು ಸಿಡಿದದ್ದು ಕೇಳಿಸಿತು. ಅದೆಲ್ಲ ಮುಗಿದು, ಮಳೆ ಹಿಡಿದ ಮೇಲೆ ಶಾಲೆಯೊಳಗೆ ಕೂತವರ ಫೋನುಗಳು ಒಂದೊಂದಾಗಿ ಗಂಟೆ ಬಾರಿಸಿದವಂತೆ. ಅದೇ ಮೆದು ದನಿ, ದಯವಿಟ್ಟು ಮರದ ಕೆಳಗೆ ನಿಲ್ಲಬೇಡಿ. ಯಾರೂ ನಗಲಿಲ್ಲವಂತೆ.

ಮಾರನೇ ವಾರ ಕಂಪನಿಯಿಂದ ನೋಟಿಸು ಬಂತು. ಶಾಬಾಸ್ ಅನ್ನಲು ಅಲ್ಲ. ಅನುಮತಿ ಇಲ್ಲದೆ ಕಂಪನಿಯ ಮಾಹಿತಿ ಕದ್ದು ಕೇಳಿದ್ದಕ್ಕೆ, ಜನರಲ್ಲಿ ಗಾಬರಿ ಹುಟ್ಟಿಸಿದ್ದಕ್ಕೆ ಪೊಲೀಸರಿಗೆ ದೂರು ಕೊಡುವುದಾಗಿ. ಗಾಬರಿ ಅಂದರೆ ನ್ಯಾಮತಿಯ ವೆಲ್ಡಿಂಗ್ ಗಲಾಟೆ. ಅದೂ ಅವರ ಕಿವಿಗೆ ಮುಟ್ಟಿತ್ತು. ಹೊನ್ನಾಳಿಯ ಪ್ರಿನ್ಸಿಪಾಲರು ಅವಳನ್ನು ಕರೆದು, "ಯಾಕಮ್ಮ ಬೇಕಿತ್ತು ಇದೆಲ್ಲಾ" ಅಂದರು. ಬೇಕಿತ್ತು ಸರ್, ಅಂದಳು.

ಅವಳು ಸುಮ್ಮನೆ ಕೂರಲಿಲ್ಲ. ಇಲಾಖೆಗೆ ತಾನೇ ದೂರು ಕೊಟ್ಟಳು, ಚಿಕ್ಕಪ್ಪ ಸತ್ತ ಸಂಜೆ, ಜೂನಿನ ಸಂಜೆ ಎರಡರ ದಾಖಲೆ ಸಮೇತ. ದೂರಿಗೆ ಹತ್ತು ಸಲ ಓಡಾಡಿದ ಮೇಲೆ ಚನ್ನಗಿರಿಯಲ್ಲೇ ವಿಚಾರಣೆ ಇಟ್ಟರು. ಇಲಾಖೆಯಿಂದ ಒಬ್ಬ ಮಹಿಳಾ ಅಧಿಕಾರಿ ಬಂದಿದ್ದರು. ಒಂದು ಕಡೆ ರುದ್ರಮುನಿ, ಬೆಂಗಳೂರಿನಿಂದ ಬಂದ ವಕೀಲರು. ಇನ್ನೊಂದು ಕಡೆ ದುರ್ಗಾಂಬಿಕಾ, ಓಬಳಪ್ಪ ಮೇಷ್ಟ್ರು, ನಿಂಗರಾಜ್. ಹೆಸರು ಬರದಂತೆ ನೋಡಿಕೊಳ್ಳುತ್ತೇನೆ ಅಂದಿದ್ದರೂ ಚೈತ್ರಶ್ರೀ ತಾನಾಗಿ ಬಂದು ಅವರ ಪಕ್ಕ ಕೂತಳು. ಬಿಳಿಚೋಡಿನಿಂದ ಎರಡು ಬಸ್ಸು ಹತ್ತಿಳಿದು ಭೀಮಕ್ಕ ಬಂದಿದ್ದಳು.

ವಕೀಲರು ದೊಡ್ಡ ಕಂಪ್ಯೂಟರಿನ ಮಾತು ತೆಗೆದರು. ಬರುವ ವರ್ಷ ತೊಂದರೆ ಇರುವುದಿಲ್ಲ ಅಂದರು.

"ಇಡೀ ರಾಜ್ಯದ ಜೋಳ ಬೀಸಾಕೆ ಬೆಂಗಳೂರಲ್ಲಿ ಒಂದೇ ಗಿರಣಿ ಇಟ್ಟಂಗೆ ಇದು," ಅಂದಳು ದುರ್ಗಾಂಬಿಕಾ. "ಗಿರಣಿ ದೊಡ್ಡದು ಮಾಡಿದ್ರೆ ಸಾಲು ಒಂದಿಷ್ಟು ಕರಗಬಹುದು. ಎಲ್ಲಾ ಊರಲ್ಲೂ ಒಂದೇ ದಿನ ಹಬ್ಬ ಬಂದ್ರೆ ಮತ್ತೆ ಅದೇ ಸಾಲು. ಜಗಳೂರಿನವರು ಅಲ್ಲೀತನಕ ಹೋಗಿ ನಿಲ್ಲೋದಾದರೂ ಯಾಕೆ ಮೇಡಂ? ಊರೂರಲ್ಲೂ ಕಲ್ಲು ಐತೆ. ಬೀಸಾಕೆ ಬಿಡ್ರಿ ಅಂತಿದೀನಿ. ಮೂರು ವಾರದಲ್ಲಿ ನಾಲ್ಕು ಜನ ಹಳೇ ಕಂಪ್ಯೂಟರ್ ಇಟ್ಟುಕೊಂಡು ಮಾಡಿದ್ದು, ಇಷ್ಟು ದೊಡ್ಡ ಕಂಪನಿಗೆ ಆಗಲ್ಲ ಅಂದ್ರೆ ಹೆಂಗೆ ನಂಬೋದು? ಆಗಲ್ಲ ಅಂತಲ್ಲ. ಸತ್ತವರು ಆಡು ಕಾಯೋರು, ಅದಕ್ಕೆ ಅವಸರ ಇಲ್ಲ."

ರುದ್ರಮುನಿ ಮೊದಲ ಸಲ ನಗುವುದು ಬಿಟ್ಟ. "ಹಂಗೆ ಮಾತಾಡಬೇಡಿ ಮೇಡಂ. ದಾಖಲೆ ಪ್ರಕಾರ ಆ ವ್ಯಕ್ತಿ ಎಚ್ಚರಿಕೆ ಓದಿದ್ದಾರೆ ಅನ್ನೋದಂತೂ ಸತ್ಯ."

ಹಿಂದಿನ ಬೆಂಚಿನಲ್ಲಿ ಭೀಮಕ್ಕ ಎದ್ದಳು. ಯಾರನ್ನೂ ಕೇಳದೆ ನಡೆದು ಮುಂದೆ ಬಂದು ಮೇಜಿನ ಹತ್ತಿರ ನಿಂತು, ಬಲಗೈ ಹೆಬ್ಬೆರಳು ಎತ್ತಿ ಅವನ ಮುಖದ ಮುಂದೆ ಹಿಡಿದಳು.

"ಒತ್ತಿದ್ದು ಇದು. ನನ್ನ ಕೈ. ನನಗೆ ಓದಾಕೆ ಬರಂಗಿಲ್ಲಪ್ಪಾ, ಏನ್ ಓದಲಿ? ಹೆಣದ ತಾವ ನಿಮ್ಮ ಹೆಂಗಸು ಒಂದೇ ಸಮ ಮಾತಾಡ್ತಿದ್ಲು, ಬಾಯಿ ಮುಚ್ಚಿಸಾಕೆ ಒತ್ತಿದೆ. ಆಗ ಅವರು ಹೋಗಿಬಿಟ್ಟಿದ್ರು. ಹೋದೋರ ಮೇಲೆ ತಪ್ಪು ಹಾಕ್ತೀಯಲ್ಲ, ನೀನೂ ತಾಯಿ ಹೊಟ್ಟೆಲಿ ಹುಟ್ಟಿದೋನೇ ಅಲ್ವಾ?"

ರುದ್ರಮುನಿ ತಲೆ ತಗ್ಗಿಸಿದ. ವಕೀಲರು ಏನೋ ಹೇಳಲು ಬಾಯಿ ತೆಗೆದರು. ಅಧಿಕಾರಿ ಕೈ ಎತ್ತಿ ಅವರನ್ನು ತಡೆದರು. ಎರಡೂ ಸಂಜೆಯ ದಾಖಲೆಯನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ರುದ್ರಮುನಿಯನ್ನೇ ಕೇಳಿದರು: "ಈ ನಾಲ್ಕು ಊರಲ್ಲಿ ಲೆಕ್ಕ ಅಲ್ಲಲ್ಲೇ ಆಗುವ ಹಾಗೆ ಮಾಡೋಕೆ ನಿಮಗೆ ಏನು ಅಡ್ಡಿ?"

ಅವನು ವಕೀಲರ ಮುಖ ನೋಡಿದ. ಆಮೇಲೆ, ತಗ್ಗಿದ ದನಿಯಲ್ಲಿ, "ಅಡ್ಡಿ ಏನಿಲ್ಲ ಮೇಡಂ. ನಾನೇ ಹೋದ ವರ್ಷ ಕೇಳಿದ್ದೆ. ಮೇಲಿನವರು ಬೇಡ ಅಂದರು," ಅಂದ.

ಇದನ್ನು ಕೇಳಿ ದುರ್ಗಾಂಬಿಕಾಗೆ ಗೆದ್ದೆ ಅನ್ನಿಸಲಿಲ್ಲ. ಇನ್ನೂ ಸಿಟ್ಟು ಬಂತು. ಗೊತ್ತಿತ್ತು ಇವರಿಗೆ. ಹೋದ ವರ್ಷವೇ ಗೊತ್ತಿತ್ತು. ಗೊತ್ತಿದ್ದೂ ನಗುಮುಖ ಮಾಡಿಕೊಂಡು ಚಿಕ್ಕಪ್ಪನ ಹೆಸರಿನ ಮುಂದೆ 'ಓದಿದ್ದಾರೆ' ಅಂತ ಬರೆದರು.

ಅಧಿಕಾರಿ ಆದೇಶ ಹೊರಡಿಸಿದರು. ಮಿಂಚಿನ ಲೆಕ್ಕ ಆಯಾ ಭಾಗದ ಪೆಟ್ಟಿಗೆಗಳಲ್ಲೇ ಆಗಬೇಕು, ಬೆಂಗಳೂರಿಗೆ ಬರೀ ಸಾರಾಂಶ ಹೋಗಬೇಕು. ಕಂಪನಿಯ ಏರ್ಪಾಟು ಸಿದ್ಧವಾಗುವ ತನಕ ನಾಲ್ವರು ಮಾಡಿದ್ದೇ ನಡೆಯಬೇಕು. ದುರ್ಗಾಂಬಿಕಾ ಇನ್ನೊಂದು ಕೇಳಿದಳು: ಉಚ್ಚಂಗೆಪ್ಪನ ಹೆಸರಿನ ಮುಂದಿನ ಮಾತು ಬದಲಾಗಬೇಕು. ಕಂಪನಿಯವರು ಅದಕ್ಕೆ ತಿಂಗಳುಗಟ್ಟಲೆ ಸತಾಯಿಸಿದರು. ಅವಳೂ ಬಿಡದೆ ವಾರಕ್ಕೊಂದು ಸಲ ಫೋನು ಮಾಡಿದಳು. ಕೊನೆಗೆ ದಸರಾ ಹೊತ್ತಿಗೆ, 'ಎಚ್ಚರಿಕೆ ತಡವಾಗಿ ತಲುಪಿತು. ಮೃತರ ತಪ್ಪಿಲ್ಲ' ಎಂದು ಬರೆದ ಒಂದು ಹಾಳೆ ಬಂತು. ಅವಳು ಬಿಳಿಚೋಡಿಗೆ ಹೋಗಿ ಅದನ್ನು ಓದಿ ಹೇಳಿದಳು.

ಭೀಮಕ್ಕ ಆಡಿಗೆ ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಒಂದು ಮಾತು ಹೇಳಾಕೆ ಇಷ್ಟು ದಿನ ಬೇಕಾತಾ ಅವರಿಗೆ?" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಊಟ ಮಾಡಿ ಹೋಗು, ರೊಟ್ಟಿ ಬಡೀತೀನಿ," ಅಂದಳು.

ಮುಂದಿನ ಬೇಸಿಗೆಗೆ ಮೊದಲು ಕಂಪನಿ ತನ್ನ ಹೊಸ ಏರ್ಪಾಟನ್ನು ಚನ್ನಗಿರಿಯಲ್ಲಿ ಶಾಮಿಯಾನ ಹಾಕಿ ಉದ್ಘಾಟಿಸಿತು. ಬ್ಯಾನರಿನಲ್ಲಿ ಕಂಪನಿಯ ಯಜಮಾನರ ಫೋಟೋ, ಕೆಳಗೆ 'ನಮ್ಮ ಸಂಶೋಧನೆ' ಎಂಬ ಮಾತು. ನಾಲ್ವರಿಗೂ ಕರೆಯೋಲೆ ಬಂದಿತ್ತು, ಪ್ರೇಕ್ಷಕರಾಗಿ. ನಿಂಗರಾಜ್ ಹೋಗಿ ಊಟ ಮಾಡಿ ಬಂದ; ಹೋಳಿಗೆ ಚೆನ್ನಾಗಿತ್ತು ಅಂದ. ಚೈತ್ರಶ್ರೀಯ ಗುತ್ತಿಗೆ ಮುಂದುವರಿಯಿತು.

ದುರ್ಗಾಂಬಿಕಾ ಹೋಗಲಿಲ್ಲ. ಅವತ್ತು ಅವಳು ಜಗಳೂರಿನಲ್ಲಿ, ಓಬಳಪ್ಪ ಮೇಷ್ಟ್ರ ಕಾಲೇಜಿನ ತಾರಸಿ ಮೇಲಿದ್ದಳು. ಪೆಟ್ಟಿಗೆ ಇದ್ದ ಜಾಗದಲ್ಲೇ ನೀರಿನ ಟ್ಯಾಂಕು ಕೂರಿಸಬೇಕು ಅಂತ ಆಡಳಿತ ಮಂಡಳಿಯವರು ಅದನ್ನು ಕಿತ್ತು, ಮೆಟ್ಟಿಲ ಕೆಳಗೆ ಪೊರಕೆಗಳ ಜೊತೆ ಇಟ್ಟಿದ್ದರು. ಮಳೆಗಾಲಕ್ಕೆ ಇನ್ನೂ ತಿಂಗಳುಗಟ್ಟಲೆ ಇದೆ, ಮೇಸ್ತ್ರಿ ನಾಳೆ ಬಂದು ಬೇರೆ ಕಡೆ ಕೂರಿಸುತ್ತಾನೆ ಅಂದರು ಮೇಷ್ಟ್ರು.

"ನಾಳೆ ಬ್ಯಾಡ ಮೇಷ್ಟ್ರೇ," ಅಂದಳು ಅವಳು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ಅವನ ನಂಬರ್ ಕೊಡ್ರಿ, ನಾನು ಮಾತಾಡ್ತೀನಿ."

ಮೇಸ್ತ್ರಿ ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟು, ಏಣಿ ಹೊತ್ತುಕೊಂಡು ಬಂದ.